ಕನಸಿನಲ್ಲಿ ಕಂಡದ್ದು ಹೋದ ಜನ್ಮದ ನೆನಪೇ? ಪರಿಶೀಲಿಸಿ ನೋಡುವ ಕ್ರಮ

ಕೆಲವು ಕನಸುಗಳು ಬೆಳಗಿನ ಕಾಫಿಯ ಹೊತ್ತಿಗೆ ಕರಗಿಹೋಗುತ್ತವೆ. ಕೆಲವು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಎಂದೂ ಕಾಲಿಡದ ಊರಿನ ಓಣಿ, ತನ್ನದಲ್ಲದ ಕೈಗಳು, ಈಗ ಯಾರೂ ಉಡದ ರೀತಿಯಲ್ಲಿ ಉಟ್ಟ ಸೀರೆ, ಯಾರೋ ಬೇರೊಂದು ಹೆಸರಿನಿಂದ ಕರೆದಾಗ ತಡವಿಲ್ಲದೆ ಓಗೊಟ್ಟ ನೆನಪು: ಇಂಥ ಕನಸು ಮತ್ತೆ ಮತ್ತೆ ಬಿದ್ದಾಗ, ಪುನರ್ಜನ್ಮದ ಮಾತು ಮನೆಮಾತಾಗಿರುವ ನಮ್ಮಲ್ಲಿ, 'ಇದು ಹೋದ ಜನ್ಮದ್ದಿರಬಹುದೇ' ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವವರಿಗೂ, ಮೊದಲ ಕನಸಿಗೇ ಹೌದೆಂದು ನಂಬಿಬಿಡುವವರಿಗೂ ಈ ಬರಹದಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರಶ್ನೆಯನ್ನು ತೆರೆದಿಟ್ಟುಕೊಂಡು, ಆತುರಪಡದೆ, ಕೆಲವು ತಿಂಗಳ ಕಾಲ ತಾಳ್ಮೆಯಿಂದ ಕೆಲಸ ಮಾಡಲು ಸಿದ್ಧರಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕನಸು ಎಷ್ಟು ನಿಚ್ಚಳವಾಗಿತ್ತು, ಎದ್ದಾಗ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತು ಎಂಬುದು ಅದು ನೆನಪೆಂಬುದಕ್ಕೆ ಪುರಾವೆಯಲ್ಲ. ಪರೀಕ್ಷೆಗೆ ಮೊದಲೇ ಬರೆದಿಟ್ಟ ವಿವರಕ್ಕೆ ಮಾತ್ರ ಬೆಲೆ. ಅದರಲ್ಲೂ, ಈ ಜನ್ಮದ ಯಾವ ದಾರಿಯಿಂದಲೂ ನಮ್ಮ ಕಿವಿಗೋ ಕಣ್ಣಿಗೋ ಬಿದ್ದಿರಲಾರದ ವಿವರಕ್ಕೆ ಮಾತ್ರ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತನ್ನು ಕೈಬಿಡದೆ ನಡೆಯುವ ಬಗೆಗಳು.

ಶಾಸ್ತ್ರ ಎಷ್ಟರಮಟ್ಟಿಗೆ ಜೊತೆಗೆ ಬರುತ್ತದೆ

'ಶಾಸ್ತ್ರದಲ್ಲೇ ಇದೆ' ಎಂಬ ಮಾತು ಈ ವಿಷಯದಲ್ಲಿ ಬಹಳ ಸಡಿಲವಾಗಿ ಓಡಾಡುತ್ತದೆ. ಆದ್ದರಿಂದ ಅಲ್ಲಿ ಏನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಪ್ರಶ್ನೋಪನಿಷತ್ತಿನ ನಾಲ್ಕನೆಯ ಪ್ರಶ್ನೆಯಲ್ಲಿ, ಕನಸಿನಲ್ಲಿ ಮನಸ್ಸು ಕಂಡದ್ದನ್ನೂ ಕಾಣದ್ದನ್ನೂ, ಕೇಳಿದ್ದನ್ನೂ ಕೇಳದ್ದನ್ನೂ ಅನುಭವಿಸುತ್ತದೆ ಎಂಬ ಮಾತು ಬರುತ್ತದೆ. 'ಕಾಣದ್ದು' ಎಂದರೆ ಈ ಜನ್ಮದಲ್ಲಿ ಕಾಣದೆ ಬೇರೊಂದು ಜನ್ಮದಲ್ಲಿ ಕಂಡದ್ದು ಎಂದು ಶಂಕರಾಚಾರ್ಯರು ಅಲ್ಲಿ ಭಾಷ್ಯ ಮಾಡುತ್ತಾರೆ. ಎಂದೆಂದೂ ಕಾಣದ್ದರ ವಾಸನೆ, ಅಂದರೆ ಅನುಭವ ಬಿಟ್ಟುಹೋಗುವ ಅಚ್ಚು, ಮನಸ್ಸಿನಲ್ಲಿ ಉಳಿದಿರಲು ಸಾಧ್ಯವಿಲ್ಲ ಎಂಬುದು ಅವರು ಕೊಡುವ ಕಾರಣ. ಕನಸನ್ನು ಪೂರ್ವಜನ್ಮಕ್ಕೆ ಜೋಡಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಸಿಗುವುದು ಕಷ್ಟ. ಆದರೆ ಬೃಹದಾರಣ್ಯಕದ ಮಾತು ಬೇರೆ ದಿಕ್ಕಿನದು: ಕನಸಿನಲ್ಲಿ ರಥಗಳೂ ಇಲ್ಲ, ಕುದುರೆಗಳೂ ಇಲ್ಲ, ದಾರಿಗಳೂ ಇಲ್ಲ, ಅವನ್ನೆಲ್ಲ ಕನಸು ಕಾಣುವವನೇ ಸೃಷ್ಟಿಸಿಕೊಳ್ಳುತ್ತಾನೆ. ಯೋಗಸೂತ್ರಕ್ಕೆ ಬರೆದ ವ್ಯಾಸಭಾಷ್ಯ ಇನ್ನೂ ಎಚ್ಚರದ್ದು. ಸ್ಮೃತಿಯಲ್ಲಿ ಎರಡು ಬಗೆ. ಎಚ್ಚರದಲ್ಲಿ ಬರುವ ನೆನಪಿನ ವಸ್ತು ನಿಜವಾದದ್ದು, ಕನಸಿನಲ್ಲಿ ಬರುವುದು 'ಭಾವಿತ', ಅಂದರೆ ಮನಸ್ಸು ಕಟ್ಟಿಕೊಂಡದ್ದು ಎಂದು ಅದು ಬೇರ್ಪಡಿಸುತ್ತದೆ. ಅದೇ ಯೋಗಸೂತ್ರದ ಮೂರನೆಯ ಪಾದದಲ್ಲಿ ಪೂರ್ವಜನ್ಮದ ಜ್ಞಾನದ ಮಾತು ಬರುತ್ತದೆ, ನಿಜ. ಆದರೆ ಅಲ್ಲಿ ದಾರಿ ಕನಸಲ್ಲ, ಸಂಸ್ಕಾರಗಳ, ಅಂದರೆ ಮನಸ್ಸಿನಲ್ಲಿ ಉಳಿದ ಹಳೆಯ ಅಚ್ಚುಗಳ, ಮೇಲೆ ನಡೆಸುವ 'ಸಂಯಮ' ಎಂಬ ಆಳವಾದ ಏಕಾಗ್ರ ಧ್ಯಾನ. ಹಾಗಾಗಿ ಪರಂಪರೆ ನಮಗೆ ಸಾಧ್ಯತೆಯೊಂದನ್ನು ಕೊಡುತ್ತದೆಯೇ ಹೊರತು ಇಂಥ ಕನಸು ನಿಜವೆಂಬ ಮುದ್ರೆಯನ್ನು ಒತ್ತಿಕೊಡುವುದಿಲ್ಲ.

ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾಗುವುದು ಜೈನ ಕಾವ್ಯದ ಒಂದು ಪ್ರಸಂಗ. 941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಶ್ರೀಮತಿಗೆ ಜಾತಿಸ್ಮರಣೆಯಾಗುತ್ತದೆ. ತಾನು ಹಿಂದೆ ಸ್ವಯಂಪ್ರಭೆಯಾಗಿದ್ದದ್ದು, ಲಲಿತಾಂಗದೇವ ತನ್ನ ಗಂಡನಾಗಿದ್ದದ್ದು ನೆನಪಿಗೆ ಬರುತ್ತದೆ. ಅವಳು ಊರೆಲ್ಲ ಸಾರುವುದಿಲ್ಲ. ಹಿಂದಿನ ಭವದ ಸಂಗತಿಗಳನ್ನು ಪಟದಲ್ಲಿ ಚಿತ್ರಿಸಿ, ಪಂಡಿತೆ ಎಂಬ ದಾದಿಯ ಕೈಯಲ್ಲಿ ಜಿನಾಲಯಕ್ಕೆ ಕಳಿಸುತ್ತಾಳೆ. ಆ ಪಟದ ಒಳಗುಟ್ಟನ್ನು ಯಾರ ಸಹಾಯವೂ ಇಲ್ಲದೆ ಗುರುತಿಸಿದವನು, ಹಿಂದೆ ಲಲಿತಾಂಗನಾಗಿದ್ದ ವಜ್ರಜಂಘ. ತಿಳಿದದ್ದನ್ನು ಮೊದಲು ದಾಖಲಿಸುವುದು, ಉತ್ತರವನ್ನು ಬಚ್ಚಿಡುವುದು, ಮೂರನೆಯವರ ಮೂಲಕ ಪರೀಕ್ಷಿಸುವುದು: ಇಂದಿನ ಸಂಶೋಧಕನೊಬ್ಬ ಕೇಳುವುದೂ ಇದಕ್ಕಿಂತ ಬೇರೆಯಲ್ಲ.

ಮೊದಲ ಹೆಜ್ಜೆ: ನಿದ್ರೆಯನ್ನೂ ಔಷಧವನ್ನೂ ನೋಡಿಕೊಳ್ಳುವುದು

ಇದ್ದಕ್ಕಿದ್ದಂತೆ ಕನಸುಗಳು ನಿಚ್ಚಳವಾಗತೊಡಗಿದ್ದರೆ ಕಾರಣವನ್ನು ದೇಹದಲ್ಲಿ ಹುಡುಕಿ ಮುಗಿಸಿದ ಮೇಲೆ ಜನ್ಮಾಂತರಕ್ಕೆ ಹೋಗಬೇಕು. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಓಡಾಡುವ 'ರೆಮ್' ನಿದ್ರೆಯಲ್ಲಿ ಕಥೆಯಂಥ ಕನಸುಗಳು ಹೆಚ್ಚು. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಈ ಅವಧಿ ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆಗೆ, ಆ ಕನಸು ಉದ್ದವಾಗಿದ್ದು ಎದ್ದಾಗ ನೆನಪಿನಲ್ಲಿ ಉಳಿಯುವುದೂ ಒಂದು ಕಾರಣವಿದ್ದೀತು. ಜ್ವರ, ನಿದ್ದೆಗೇಡಿನ ನಂತರದ ಗಾಢ ನಿದ್ದೆ, ಕುಡಿತ ಬಿಟ್ಟ ಮೊದಲ ದಿನಗಳು, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಗಳು, ಮೆಲಟೋನಿನ್, ನಿಕೋಟಿನ್ ಪಟ್ಟಿ: ಇವೆಲ್ಲ ಕನಸುಗಳನ್ನು ತೀವ್ರಗೊಳಿಸಬಲ್ಲವು. ಹಾಗೆಂದು ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಯಾವ ತಾರೀಖಿನಿಂದ ಯಾವ ಔಷಧ ಎಂಬುದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಸಾಕು. ನಿದ್ದೆಯಲ್ಲೇ ಕೂಗಿ, ಒದ್ದು, ಪಕ್ಕದವರಿಗೆ ಪೆಟ್ಟಾಗುವಂತೆ ಕನಸನ್ನು ಆಡಿ ತೋರಿಸುವ ಅಭ್ಯಾಸ ಹೊಸದಾಗಿ ಶುರುವಾಗಿದ್ದರೆ ಅದು ನರರೋಗ ತಜ್ಞರಿಗೆ ತೋರಿಸಬೇಕಾದ ಸಂಗತಿ.

ಎರಡನೆಯ ಹೆಜ್ಜೆ: ಬರೆದಿಡುವುದು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಒಂದು ಹೊಲಿದ ನೋಟ್‌ಬುಕ್, ಒಂದು ಪೆನ್ನು, ಮಂದ ದೀಪ ಹಾಸಿಗೆಯ ಪಕ್ಕದಲ್ಲಿರಲಿ. ಹಾಳೆ ಕಿತ್ತರೆ ಗೊತ್ತಾಗುವಂಥ ಪುಸ್ತಕವೇ ಬೇಕು, ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಟ್ಟುಕೊಳ್ಳಬೇಕು. ಎಚ್ಚರವಾದೊಡನೆ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಕನಸಿನ ಕೊನೆಯ ದೃಶ್ಯವನ್ನು ಹಿಡಿದುಕೊಂಡು ಅಲ್ಲಿಂದ ಹಿಂದಕ್ಕೆ ನಡೆಯುವುದು ಉಪಯುಕ್ತ. ಮೊಬೈಲು ಮುಟ್ಟಬಾರದು; ಅದರ ಪರದೆಯ ಮೇಲೆ ಬಂದಿಳಿದಿರುವ ಹತ್ತು ಸಂದೇಶಗಳು ಕನಸನ್ನು ಅರೆಕ್ಷಣದಲ್ಲಿ ಅಳಿಸಿಹಾಕುತ್ತವೆ. ಮನೆಯವರೊಡನೆ ಮಾತಾಡುವುದಕ್ಕೂ ಮೊದಲು ಬರೆಯಬೇಕು, ಏಕೆಂದರೆ ಕನಸನ್ನು ಬಾಯಲ್ಲಿ ಹೇಳುವಾಗ ಅದು ಕಥೆಯಾಗುತ್ತದೆ, ಕಥೆಯಾಗುವಾಗ ಬಿಟ್ಟುಹೋದ ಜಾಗಗಳು ತಾವಾಗಿ ತುಂಬಿಕೊಳ್ಳುತ್ತವೆ.

ಬರೆಯುವಾಗ ಮೂರು ಬಗೆಯ ವಾಕ್ಯಗಳನ್ನು ಬೆರೆಸದೆ ಇಡುವುದು ಮುಖ್ಯ. ಕಣ್ಣಿಗೆ ಬಿದ್ದದ್ದು ಒಂದು. ಕನಸಿನೊಳಗೇ ಸುಮ್ಮನೆ 'ತಿಳಿದಿದ್ದದ್ದು' ಇನ್ನೊಂದು. ಎದ್ದ ಮೇಲೆ ಊಹಿಸಿಕೊಂಡದ್ದು ಮತ್ತೊಂದು. 'ಮರದ ಕಂಬಗಳ ತೊಟ್ಟಿಮನೆ, ಮೂಲೆಯಲ್ಲಿ ಒರಳು, ಬಲಗಾಲಿಗೆ ಗಾಯ' ಎಂಬುದು ಮೊದಲ ಬಗೆ. 'ಅದು ನನ್ನ ತವರುಮನೆಯೆಂದು ಗೊತ್ತಿತ್ತು' ಎಂಬುದು ಎರಡನೆಯದು. 'ಮಲೆನಾಡಿರಬೇಕು, ನೂರು ವರ್ಷ ಹಿಂದಿನದಿರಬೇಕು' ಎಂಬುದು ಮೂರನೆಯದು, ಅದನ್ನು ಪುಟದ ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಆರು ತಿಂಗಳ ಬಳಿಕ ಓದುವಾಗ ಮೂರನೆಯದೇ ಮೊದಲನೆಯದರ ವೇಷ ಹಾಕಿಕೊಂಡು ನಿಂತಿರುವುದನ್ನು ನಾನು ನನ್ನ ಪುಸ್ತಕದಲ್ಲೇ ಎಷ್ಟೋ ಸಲ ಕಂಡಿದ್ದೇನೆ.

ಕನಸಿನಲ್ಲಿ ಅಕ್ಷರ, ನಾಣ್ಯ, ಬಾಗಿಲಿನ ಕೆತ್ತನೆ, ಒಡವೆ ಕಂಡಿದ್ದರೆ ಎಷ್ಟೇ ಸೊಟ್ಟಗಾದರೂ ಚಿತ್ರ ಬರೆಯಿರಿ. ಮಾತು ಕೇಳಿದ್ದರೆ ಯಾವ ಭಾಷೆ, ಯಾವ ಸೀಮೆಯ ಮಾತಿನ ಧಾಟಿ ಎಂಬುದನ್ನೂ, ಅರ್ಥವಾಗದಿದ್ದರೆ ಕೇಳಿಸಿದಂತೆಯೇ ಕನ್ನಡ ಲಿಪಿಯಲ್ಲಿ ಸದ್ದುಗಳನ್ನೂ ದಾಖಲಿಸಿ. ಹಿಂದಿನ ದಿನ ಏನೇನು ನೋಡಿದೆ, ಏನು ಓದಿದೆ, ಯಾರ ಜೊತೆ ಏನು ಮಾತಾಡಿದೆ ಎಂಬ ನಾಲ್ಕು ಸಾಲು ಕೆಳಗೆ ಬರಲಿ. ಅನುಭವಗಳು ಅಂದೇ ರಾತ್ರಿಯಲ್ಲದೆ ಐದರಿಂದ ಏಳು ದಿನಗಳ ಅಂತರದಲ್ಲಿಯೂ ಕನಸಿಗೆ ಮರಳುತ್ತವೆಯಾದ್ದರಿಂದ ಹಿಂದಿನ ವಾರದ ಟಿಪ್ಪಣಿಯನ್ನೂ ತಿರುವಿ ನೋಡಬೇಕು. ಬರೆದು ಮುಗಿದ ಪುಟದ ಫೋಟೋ ತೆಗೆದು ನಂಬಿಕಸ್ತ ಗೆಳೆಯರೊಬ್ಬರಿಗೆ ಅಂದೇ ಕಳಿಸಿಬಿಟ್ಟರೆ, 'ಇದನ್ನು ಆಮೇಲೆ ಸೇರಿಸಿದ್ದಲ್ಲ' ಎಂಬುದಕ್ಕೆ ತಾರೀಖಿನ ಸಾಕ್ಷಿ ಇರುತ್ತದೆ. ಅವರು ಅದನ್ನು ಓದಿ ವ್ಯಾಖ್ಯಾನ ಮಾಡಬಾರದು, ಇಟ್ಟುಕೊಂಡಿರಬೇಕು, ಅಷ್ಟೇ.

ಕನಿಷ್ಠ ಮೂರು ತಿಂಗಳು ಹೀಗೆ ನಡೆಯಲಿ. ಈ ಅವಧಿಯಲ್ಲಿ ಇತಿಹಾಸದ ಪುಸ್ತಕ ತೆರೆಯುವುದು, ಅಂತರ್ಜಾಲದಲ್ಲಿ ಹುಡುಕುವುದು, ಆ ಊರಿರಬಹುದೆಂದು ತೋರುವ ಕಡೆ ಪ್ರವಾಸ ಹೋಗುವುದು ಬೇಡ. ಹುಡುಕಿ ನೋಡಿದ ಚಿತ್ರವೇ ಮುಂದಿನ ವಾರ ಕನಸಾಗಿ ಬಂದರೆ ಇದುವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರನೆಯ ಹೆಜ್ಜೆ: ಈ ಜನ್ಮದ ಮೂಲಗಳನ್ನು ಜಾಲಾಡುವುದು

ಓದಿದ್ದನ್ನೋ ಕೇಳಿದ್ದನ್ನೋ ಮರೆತು, ಅದು ಎಲ್ಲಿಂದ ಬಂತೆಂಬುದನ್ನೂ ಮರೆತು, ಅದೇ ಸಂಗತಿ ಮತ್ತೆ ತಲೆಯೆತ್ತಿದಾಗ ಹೊಸದಾಗಿ ಕಂಡಂತೆ ಬೆರಗಾಗುವುದು ಮನಸ್ಸಿನ ಹಳೆಯ ಅಭ್ಯಾಸ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಕ್ರಿಪ್ಟೋಮ್ನೀಸಿಯಾ ಎನ್ನುತ್ತಾರೆ. ಗುಪ್ತಸ್ಮೃತಿ ಎಂದರೆ ನಮಗೆ ಅರ್ಥವಾದೀತು. ಇದಕ್ಕೆ ಕೊಡಬಹುದಾದ ಅತ್ಯುತ್ತಮ ಉದಾಹರಣೆ ನಮ್ಮ ಕರಾವಳಿಗೇ ಸಂಬಂಧಿಸಿದ್ದು ಎಂಬುದು ಕನ್ನಡದಲ್ಲಿ ಹೆಚ್ಚು ಜನರಿಗೆ ತಿಳಿದಂತಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಲೆನ್ ಸ್ಮಿತ್ ಎಂಬ ಹೆಸರಿನಿಂದ ಪ್ರಸಿದ್ಧಳಾದ ಒಬ್ಬಾಕೆ ಇದ್ದಳು. ಪರವಶ ಸ್ಥಿತಿಯಲ್ಲಿ ಅವಳಿಗೆ ಹಿಂದಿನ ಜನ್ಮಗಳು ಕಾಣುತ್ತಿದ್ದವು. ಅವುಗಳಲ್ಲೊಂದರಲ್ಲಿ ಅವಳು ಅರಬ್ ಮುಖಂಡನೊಬ್ಬನ ಮಗಳು ಸಿಮಂದಿನಿ. 'ಕನರಾ' ದೇಶವನ್ನು ಆಳುತ್ತಿದ್ದ 'ಸಿವ್ರುಕ ನಾಯಕ'ನ ಹೆಂಡತಿ. ಆ ನಾಯಕ 1401ರಲ್ಲಿ 'ಚಂದ್ರಗಿರಿ' ಕೋಟೆಯನ್ನು ಕಟ್ಟಿಸಿದವನು. ಜಿನೀವಾದ ಮನಶ್ಶಾಸ್ತ್ರಜ್ಞ ತೆಯೊಡೋರ್ ಫ್ಲೂರ್ನುವಾ ಅವಳನ್ನು ವರ್ಷಗಳ ಕಾಲ ಗಮನಿಸಿ 1900ರಲ್ಲಿ ಪುಸ್ತಕ ಪ್ರಕಟಿಸಿದ. ಇತಿಹಾಸಕಾರರನ್ನು ಕೇಳಿದರೂ ಯಾರಿಗೂ ಆ ನಾಯಕನ ಸುಳಿವು ಸಿಗದಿದ್ದಾಗ, ಕೊನೆಗೆ 1828ರಲ್ಲಿ ಡಿ ಮಾರ್ಲೆಸ್ ಎಂಬಾತ ಫ್ರೆಂಚ್‌ನಲ್ಲಿ ಬರೆದಿದ್ದ ಭಾರತದ ಇತಿಹಾಸವೊಂದರಲ್ಲಿ ಅದೇ ಹೆಸರು, ಅದೇ ಕೋಟೆ, ಅದೇ 1401 ಅವನ ಕಣ್ಣಿಗೆ ಬಿತ್ತು. ಆ ಪುಸ್ತಕದ ಪ್ರತಿಗಳು ಜಿನೀವಾದ ಗ್ರಂಥಾಲಯಗಳಲ್ಲಿ ಧೂಳು ಹಿಡಿದು ಕುಳಿತಿದ್ದವು. ತಾನು ಅದನ್ನು ಓದಿಲ್ಲವೆಂದು ಅವಳು ಪಟ್ಟುಹಿಡಿದಳು. ಅವಳು ಸುಳ್ಳು ಹೇಳುತ್ತಿದ್ದಳೆಂದು ಫ್ಲೂರ್ನುವಾ ಕೂಡ ಹೇಳಲಿಲ್ಲ.

ಇದನ್ನು ಓದುವ ಕನ್ನಡಿಗರಿಗೆ ಇನ್ನೂ ಕೆಲವು ಪ್ರಶ್ನೆಗಳು ಹೊಳೆಯುತ್ತವೆ. ಈಗ ಕಾಸರಗೋಡಿನ ಬಳಿ, ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭಾಗದಲ್ಲಿ, ಚಂದ್ರಗಿರಿ ಕೋಟೆ ಇದ್ದೇ ಇದೆ. ಆದರೆ ಅದನ್ನು ಕಟ್ಟಿಸಿದವನೆಂದು ಹೆಸರಾದವನು 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ. 1401ರಲ್ಲಿ ಕೆಳದಿ ಅರಸುಮನೆತನ ಹುಟ್ಟಿಯೇ ಇರಲಿಲ್ಲ, ಕರಾವಳಿ ವಿಜಯನಗರದ ಕೈಕೆಳಗಿತ್ತು. ಸಿಮಂದಿನಿ ಅಲ್ಲಿ ಬಾಳಿದ್ದೇ ಆಗಿದ್ದರೆ ಅವಳ ಬಾಯಲ್ಲಿ ತುಳುವೋ ಕನ್ನಡವೋ ಬರಬೇಕಿತ್ತು. ಬಂದದ್ದು ಸಂಸ್ಕೃತವನ್ನು ಹೋಲುವ ಒಂದು ಕಲಸುಭಾಷೆ, ಅದನ್ನು ಪರಿಶೀಲಿಸಿದವನು ಪ್ರಸಿದ್ಧ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸೊಸ್ಯೂರ್. ಹಳೆಯ ಪುಸ್ತಕದ ತಪ್ಪು ತಪ್ಪಾಗಿಯೇ 'ನೆನಪಿನ'ಲ್ಲೂ ಬಂದಿರುವುದು ಇಲ್ಲಿ ನೋಡಬೇಕಾದ ಗುರುತು. ನಿಮ್ಮ ಕನಸಿನ ವಿವರ ಯಾವುದೋ ಕಾದಂಬರಿಯ, ಧಾರಾವಾಹಿಯ, ಪಠ್ಯಪುಸ್ತಕದ ತಪ್ಪನ್ನೂ ಸೇರಿಸಿಕೊಂಡು ಬಂದಿದ್ದರೆ ಮೂಲ ಸಿಕ್ಕಿತೆಂದೇ ತಿಳಿಯಬೇಕು.

ಹುಡುಕುವುದು ಹೇಗೆ? ಬಾಲ್ಯದಿಂದ ಇಲ್ಲಿಯವರೆಗೆ ನೋಡಿದ ಐತಿಹಾಸಿಕ ಚಲನಚಿತ್ರಗಳು, ದೂರದರ್ಶನದ ಧಾರಾವಾಹಿಗಳು, ಓದಿದ ಚಿತ್ರಕಥೆಗಳು, ಬಯಲಾಟ ಯಕ್ಷಗಾನಗಳು, ಶಾಲೆಯ ಪ್ರವಾಸಗಳು, ಅಜ್ಜಿ ಹೇಳಿದ ಮನೆತನದ ಕಥೆಗಳು, ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರುಗಳು ಎಲ್ಲವೂ ಪಟ್ಟಿಗೆ ಬರಲಿ. ಆಮೇಲೆ ಮನೆಯ ಹಿರಿಯರೊಡನೆ ಕುಳಿತುಕೊಳ್ಳಬೇಕು. 'ನನಗೆ ಹೀಗೊಂದು ಕನಸು ಬೀಳುತ್ತದೆ, ಇಂಥ ಜಾಗಕ್ಕೆ ನಾವು ಹೋಗಿದ್ದೆವಾ' ಎಂದು ಕೇಳಿದರೆ ಹಿರಿಯರು ಪ್ರೀತಿಯಿಂದ ಹೌದೆನ್ನುವುದೇ ಹೆಚ್ಚು. ಅದರ ಬದಲು 'ನಾನು ಶಾಲೆಗೆ ಸೇರುವ ಮೊದಲು ನಾವು ಎಲ್ಲೆಲ್ಲಿಗೆ ಹೋಗಿದ್ದೆವು' ಎಂದು ಬರಿದೇ ಕೇಳಿ, ಅವರ ಉತ್ತರಗಳನ್ನೆಲ್ಲ ಬರೆದುಕೊಳ್ಳಬೇಕು.

ನನಗೂ ಹತ್ತು ಹನ್ನೆರಡು ವರ್ಷ ಒಂದೇ ಕನಸು ಬೀಳುತ್ತಿತ್ತು: ನೆಲಮಟ್ಟದಿಂದ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು, ಸುತ್ತ ಪುಟ್ಟ ಪುಟ್ಟ ಗುಡಿಗಳು, ಪಾಚಿನೀರು, ಒದ್ದೆ ಸೆರಗಿನ ಹೆಂಗಸೊಬ್ಬಳು ನನ್ನನ್ನು ಎತ್ತಿಕೊಳ್ಳುವುದು. ಹೊಯ್ಸಳರ ಕಾಲದ ಯಾವುದೋ ಅಗ್ರಹಾರದಲ್ಲಿ ನೀರಲ್ಲಿ ಮುಳುಗಿ ಸತ್ತ ಮಗು ನಾನೆಂದು ಒಳಗೊಳಗೇ ತೀರ್ಮಾನಿಸಿಕೊಂಡೂ ಆಗಿತ್ತು. ಅಕ್ಕನ ಬಳಿ ಮೇಲೆ ಹೇಳಿದಂತೆ ಬರಿದೇ ಕೇಳಿದಾಗ ಅವಳು ಲೆಕ್ಕ ಹಾಕುತ್ತ, 'ಹಳೇಬೀಡಿಗೆ ಹೋಗಿದ್ವಲ್ಲೋ, ಅಲ್ಲಿಂದ ಹುಲಿಕೆರೆ ಕೊಳ ನೋಡೋಕೆ ಹೋದಾಗ ನೀನು ಮೆಟ್ಟಿಲ ಮೇಲೆ ಜಾರಿ ಬಿದ್ದು ಅಮ್ಮ ಓಡಿ ಬಂದು ಎತ್ತಿಕೊಂಡಿದ್ದು' ಎಂದಳು. ಆಗ ನನಗೆ ಮೂರು ತುಂಬಿರಲಿಲ್ಲ. ಆ ವಯಸ್ಸಿನ ಘಟನೆಗಳು ಘಟನೆಗಳಾಗಿ ನೆನಪಿರುವುದಿಲ್ಲ; ಊರಿಲ್ಲದ, ಹೆಸರಿಲ್ಲದ ಚಿತ್ರಗಳು ಉಳಿದಿರಬಹುದು, ಅವು ಈ ಜನ್ಮದ್ದೆಂದು ತೋರುವುದೇ ಇಲ್ಲ. ಕನಸಿನಲ್ಲಿದ್ದ ಹೊಯ್ಸಳರ ಕಾಲ ಮಾತ್ರ ನಿಜವಾಗಿತ್ತು ಎನ್ನಬೇಕು.

ನಾಲ್ಕನೆಯ ಹೆಜ್ಜೆ: ಮುಂದಕ್ಕೆ ಒಯ್ಯಬೇಕಾದ ಕನಸನ್ನು ಆರಿಸುವುದು

ಜರಡಿಯಲ್ಲಿ ಉಳಿದವು ಬಹಳ ಇರುವುದಿಲ್ಲ. ಉಳಿದವುಗಳಲ್ಲೂ, ಹೆಚ್ಚು ಬದಲಾಗದೆ ಮರುಕಳಿಸುವ ಕನಸು, ಕನಸಿನ ಉದ್ದಕ್ಕೂ ತಾನು ಬೇರೊಂದು ವಯಸ್ಸಿನ ಅಥವಾ ಲಿಂಗದ ವ್ಯಕ್ತಿಯಾಗಿಯೇ ಇರುವುದು, ದೃಶ್ಯಗಳು ದಿಢೀರನೆ ಒಂದು ಮತ್ತೊಂದಾಗಿ ಮಾರ್ಪಡದೆ ಎಚ್ಚರದ ನೆನಪಿನಂತೆ ಕ್ರಮವಾಗಿ ಸಾಗುವುದು, ಪರೀಕ್ಷಿಸಬಹುದಾದ ಸಣ್ಣ ವಿವರಗಳಿರುವುದು: ಇವಿದ್ದರೆ ಮುಂದುವರಿಯಬಹುದು. ಇವು ಪೂರ್ವಜನ್ಮದ ಲಕ್ಷಣಗಳಲ್ಲ, ಪರೀಕ್ಷೆಗೆ ಒಗ್ಗುವ ಕನಸಿನ ಲಕ್ಷಣಗಳು. ಕನಸಿನಲ್ಲಿ ನೀವು ರಾಣಿಯೋ ದಂಡನಾಯಕನೋ ಆಗಿದ್ದರೆ ಸ್ವಲ್ಪ ಅನುಮಾನವಿರಲಿ. ಹಿಂದಿನ ಕಾಲದ ಬಹುಪಾಲು ಜನ ಹೊಲ ಉತ್ತು, ದನ ಕಾಯ್ದು, ಹೆತ್ತು, ಹೊತ್ತು ಹೋದವರು. ನೆನಪುಗಳು ಅರಮನೆಗೇ ಏಕೆ ಹೆಚ್ಚು ಹೋಗುತ್ತವೆ ಎಂಬುದಕ್ಕೆ ಉತ್ತರ ಬಹುಶಃ ಕನಸು ಕಾಣುವವರ ಈಗಿನ ಬದುಕಿನಲ್ಲಿದೆ.

ಐದನೆಯ ಹೆಜ್ಜೆ: ಕಾಲದ ಒರೆಗಲ್ಲು

ಕನಸಿನ ಕಾಲವನ್ನು ನಿರ್ಧರಿಸಲು ಯುದ್ಧ ರಾಜರುಗಳಿಗಿಂತ ಅಡುಗೆಮನೆ, ಸೂರು, ದೀಪಗಳು ಹೆಚ್ಚು ನೆರವಾಗುತ್ತವೆ. ವಿಜಯನಗರದ ಆರಂಭಕಾಲವೆಂದು ತೋರುವ ಕನಸಿನಲ್ಲಿ ಒಣಮೆಣಸಿನಕಾಯಿ ಹರಡಿದ್ದರೆ ಅದು ಆ ಕಾಲದ ಅಂಗಳವಲ್ಲ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಪರಂಗಿಹಣ್ಣು, ಸೀಬೆ, ಗೋಡಂಬಿ ಎಲ್ಲವೂ ಅಮೆರಿಕ ಖಂಡಗಳ ಬೆಳೆಗಳು, ಪೋರ್ಚುಗೀಸರು ಬಂದ ನಂತರವೇ ನಮ್ಮಲ್ಲಿಗೆ ಬಂದವು. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರ ಕಾಳುಮೆಣಸಿನದು. ಒಂದರೊಳಗೊಂದು ಸಿಕ್ಕಿಕೊಳ್ಳುವ ಚಪ್ಪಟೆ ಮಂಗಳೂರು ಹೆಂಚಿನ ಮಾಡು ಕಂಡರೆ, ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ ಎಂಬುದನ್ನು ನೆನೆಯಬೇಕು. ಅದಕ್ಕೂ ಹಿಂದಿನ ಮನೆಗಳಲ್ಲಿದ್ದದ್ದು ಕುಂಬಾರನ ನಾಡಹೆಂಚು, ಹುಲ್ಲು, ಸೋಗೆ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆಯ ಕಡೆಯಿಂದ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದ್ದು 1905ರಲ್ಲಿ. ಸೀಮೆಎಣ್ಣೆ ಲಾಟೀನು, ಬೆಂಕಿಪೊಟ್ಟಣ, ಗಾಜಿನ ಕಿಟಕಿ ಒಂದೊಂದಕ್ಕೂ ಹೀಗೆ ಮೇಲೆ ಹೋಗಲಾರದ ಗಡಿಯೊಂದಿದೆ.

ಕಾಲಕ್ಕೆ ಹೊಂದದ ಒಂದು ವಸ್ತು ಕಂಡಾಕ್ಷಣ ಇಡೀ ಕನಸನ್ನು ಎಸೆಯಬೇಕೆಂದಿಲ್ಲ, ಇಂದಿನ ಮನಸ್ಸು ನಡುವೆ ತೇಪೆ ಹಾಕಿರಬಹುದು ಎಂದು ವಾದಿಸುವವರಿದ್ದಾರೆ. ವಾದ ತಪ್ಪಲ್ಲ, ಆದರೆ ಹೊಂದಿದ್ದನ್ನೆಲ್ಲ ನೆನಪೆಂದೂ ಹೊಂದದ್ದನ್ನೆಲ್ಲ ತೇಪೆಯೆಂದೂ ಎಣಿಸತೊಡಗಿದರೆ ಯಾವ ಕನಸೂ ಸೋಲುವುದಿಲ್ಲ, ಸೋಲಲಾರದ ಪರೀಕ್ಷೆ ಪರೀಕ್ಷೆಯಲ್ಲ. ಆದ್ದರಿಂದ ವಿವರಗಳಿಗೆಲ್ಲ ಮೊದಲೇ ಸಂಖ್ಯೆ ಹಾಕಿಕೊಂಡು ಒಂದೊಂದರ ಮುಂದೆಯೂ ಸರಿ, ತಪ್ಪು, ತೀರ್ಮಾನವಾಗದ್ದು ಎಂದು ಗುರುತಿಸಿ, ತಪ್ಪುಗಳನ್ನೂ ಸರಿಗಳಷ್ಟೇ ಪ್ರಾಮಾಣಿಕವಾಗಿ ಎಣಿಸಬೇಕು. ಊರ ಮುಂದೆ ಕೆರೆ, ಏರಿಯ ಮೇಲೆ ಆಲದಮರ, ಅಶ್ವತ್ಥಕಟ್ಟೆ, ಆಂಜನೇಯನ ಗುಡಿ: ಇವು ಹೊಂದಿದರೆ ಶೂನ್ಯ ಅಂಕ, ಬಯಲುಸೀಮೆಯಲ್ಲಿ ಇವಿಲ್ಲದ ಊರೇ ಅಪರೂಪ.

ಆರನೆಯ ಹೆಜ್ಜೆ: ದಾಖಲೆ, ಮತ್ತು ಬೇರೆಯವರ ಕಣ್ಣು

ಊರಿನ ಹೆಸರು ಅಥವಾ ವ್ಯಕ್ತಿಯ ಹೆಸರು ಕನಸಿನಲ್ಲಿ ಬಂದಿದ್ದರೆ ಮಾತ್ರ ದಾಖಲೆಗಳತ್ತ ಹೋಗುವುದರಲ್ಲಿ ಅರ್ಥವಿದೆ. ಶಾಸನಕಾಲದ್ದಾದರೆ ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಊರುಗಳ ಹಳೆಯ ಹೆಸರುಗಳೂ, ವೀರಗಲ್ಲುಗಳಲ್ಲಿ ಸಾಮಾನ್ಯ ಜನರ ಹೆಸರುಗಳೂ ಸಿಗುತ್ತವೆ. ಈಚಿನದಾದರೆ ಜಿಲ್ಲಾ ಗೆಜೆಟಿಯರ್‌ಗಳು, ಬೆಂಗಳೂರಿನ ರಾಜ್ಯ ಪತ್ರಾಗಾರ, ದೇವಸ್ಥಾನದ ಲೆಕ್ಕಪುಸ್ತಕ, ಕುಟುಂಬಗಳ ವಂಶಾವಳಿ ಇವೆ. ಹುಡುಕುವ ಕೆಲಸವನ್ನು ನೀವೇ ಮಾಡದೆ, ಕನಸಿನ ಪೂರ್ಣ ಕಥೆ ಗೊತ್ತಿಲ್ಲದ ಒಬ್ಬರಿಗೆ ವಹಿಸಿದರೆ ಫಲಿತಾಂಶಕ್ಕೆ ಹೆಚ್ಚು ಬೆಲೆ. ಅವರು ನಿಮ್ಮ ಊಹೆಯ ಊರಿನ ಜೊತೆ ಅದೇ ಸೀಮೆಯ, ಅದೇ ಗಾತ್ರದ ಮೂರು ಊರುಗಳ ಹಳೆಯ ಚಿತ್ರಗಳನ್ನು ಹೆಸರಿಲ್ಲದೆ ಬೆರೆಸಿ ನಿಮ್ಮ ಮುಂದಿಡಲಿ. ಕನಸಿಗೆ ಹೆಚ್ಚು ಹೋಲುವುದು ಯಾವುದೆಂದು ನೀವು ಮೊದಲು ಬರೆದುಕೊಡಬೇಕು, ಹೆಸರುಗಳು ಆಮೇಲೆ ತಿಳಿಯಬೇಕು. ಶ್ರೀಮತಿಯ ಚಿತ್ರಪಟ ಇದೇ ತಾನೆ.

ಹೊಂದಿಕೆ ಕಂಡರೂ ಅಪರಿಚಿತರ ಮನೆಬಾಗಿಲು ತಟ್ಟಿ 'ನಾನು ನಿಮ್ಮ ಮುತ್ತಜ್ಜ' ಎನ್ನಬೇಡಿ. ಈಚೆಗೆ ಯಾರನ್ನೋ ಕಳೆದುಕೊಂಡ ಕುಟುಂಬದ ಮುಂದೆ ಇಂಥ ಮಾತಾಡುವುದು ಕ್ರೌರ್ಯ. ಅವರ ದುಃಖ ನಿಮ್ಮ ಪ್ರಯೋಗಕ್ಕೆ ಸಲ್ಲುವ ವಸ್ತುವಲ್ಲ. ಗೆಳೆಯನಲ್ಲೋ ಸಹೋದ್ಯೋಗಿಯಲ್ಲೋ ಹಿಂದಿನ ಜನ್ಮದ ಗಂಡನನ್ನು ಗುರುತಿಸಿ ಈ ಜನ್ಮದ ಸಂಸಾರವನ್ನು ಕಲಕಿಕೊಂಡ ಕಥೆಗಳನ್ನೂ ಕೇಳುತ್ತೇವೆ. ಕನಸನ್ನು ಆಧಾರವಾಗಿಟ್ಟು ಮದುವೆ, ಆಸ್ತಿ, ಚಿಕಿತ್ಸೆಗಳ ಬಗ್ಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬಾರದು.

ಸಮ್ಮೋಹನದ ಅಡ್ಡದಾರಿ

ಇಷ್ಟು ತಿಂಗಳು ಕಾಯುವುದೇಕೆ, ಸಮ್ಮೋಹನಕ್ಕೆ ಒಳಗಾದರೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ತಿಳಿಯುತ್ತದಲ್ಲ ಎನ್ನುವವರಿದ್ದಾರೆ. ಹಣ ಪಡೆದು ಅದನ್ನು ಮಾಡುವವರೂ ಇದ್ದಾರೆ. ನನ್ನ ಸಲಹೆ ಬೇಡವೆಂದೇ. 1952ರಲ್ಲಿ ಅಮೆರಿಕದ ಕೊಲರಾಡೊದ ಗೃಹಿಣಿಯೊಬ್ಬಳು ಸಮ್ಮೋಹನದಲ್ಲಿ ತಾನು ಐರ್ಲೆಂಡಿನಲ್ಲಿ 1798ರಲ್ಲಿ ಹುಟ್ಟಿದ ಬ್ರೈಡಿ ಮರ್ಫಿ ಎಂದಳು. ದೇಶವೇ ಅದರ ಹಿಂದೆ ಬಿತ್ತು. ಐರ್ಲೆಂಡಿನಲ್ಲಿ ಆ ಹೆಸರಿನ ಜನನ ಮರಣದ ದಾಖಲೆ ಸಿಗಲಿಲ್ಲ. ಆಕೆ ಬಾಲ್ಯದಲ್ಲಿದ್ದ ಷಿಕಾಗೊದ ಬೀದಿಯಲ್ಲಿ ಐರಿಷ್ ಮೂಲದ ಬ್ರೈಡಿ ಮರ್ಫಿ ಕಾರ್ಕೆಲ್ ಎಂಬ ನೆರೆಯಾಕೆ ಇದ್ದುದು ಪತ್ರಕರ್ತರಿಗೆ ತಿಳಿಯಿತು. ಕೆನಡಾದ ಕಾರ್ಲ್‌ಟನ್ ವಿಶ್ವವಿ­ದ್ಯಾಲಯದ ನಿಕೊಲಾಸ್ ಸ್ಪಾನೋಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಮ್ಮೋಹಕರು ಮೊದಲೇ ಕೊಟ್ಟ ಸೂಚನೆಗೆ ತಕ್ಕಂತೆ 'ಹಿಂದಿನ ಜನ್ಮ'ದ ರೂಪ ಬದಲಾಗುವುದು ಕಂಡುಬಂತು. ಪುನರ್ಜನ್ಮದ ಸಾಧ್ಯತೆಯನ್ನು ಜೀವನವಿಡೀ ಗಂಭೀರವಾಗಿ ಶೋಧಿಸಿದ ಇಯಾನ್ ಸ್ಟೀವನ್‌ಸನ್ ಕೂಡ ಸಮ್ಮೋಹನದ ಮೇಲೆ ಭರವಸೆ ಇಡಲಿಲ್ಲ.

ಮಕ್ಕಳು ಹೇಳಿದರೆ

ವರ್ಜೀನಿಯಾ ವಿಶ್ವವಿದ್ಯಾಲಯದ ಸ್ಟೀವನ್‌ಸನ್ ಮತ್ತು ಅವರ ತಂಡ ದಶಕಗಳಲ್ಲಿ ಸಂಗ್ರಹಿಸಿದ 2,500ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಬಹುಪಾಲು ದೊಡ್ಡವರ ಕನಸುಗಳಲ್ಲ, ಎರಡರಿಂದ ಐದು ವರ್ಷದೊಳಗಿನ ಮಕ್ಕಳು ಎಚ್ಚರದಲ್ಲೇ ಆಡಿದ ಮಾತುಗಳು. ಎಂಟು ವರ್ಷದ ಹೊತ್ತಿಗೆ ಹೆಚ್ಚಿನವರು ಆ ಮಾತನ್ನು ತಾವಾಗಿಯೇ ಬಿಟ್ಟಿರುತ್ತಾರೆ. ಸ್ಟೀವನ್‌ಸನ್ ಅವರೊಡನೆ ಕೆಲಸ ಮಾಡಿದ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಉತ್ತರ ಭಾರತದ ಅನೇಕ ಪ್ರಕರಣಗಳನ್ನು ಅಭ್ಯಸಿಸಿದರು. ದಕ್ಷಿಣದಲ್ಲಿ ಇಂಥ ವರದಿಗಳು ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಯನ್ನೂ ಎತ್ತಿಕೊಂಡರು. ನಂಬಿಕೆ ಎರಡೂ ಕಡೆ ಇರುವಾಗ ವರದಿಗಳಲ್ಲಿ ಇಷ್ಟು ಅಂತರವಿರುವುದು ಯೋಚಿಸಬೇಕಾದ ವಿಷಯ.

ಮನೆಯಲ್ಲಿ ಮಗು ಕನಸು ಕಂಡೆನೆಂದೋ, 'ನನ್ನ ಇನ್ನೊಂದು ಅಮ್ಮ' ಎಂದೋ ಹೇಳಿದರೆ ಬೈಯಲೂ ಬಾರದು, ಬೆರಗಿನಿಂದ ಸುತ್ತುವರಿಯಲೂ ಬಾರದು. ಮಗು ಬಳಸಿದ ಪದಗಳನ್ನೇ ತಾರೀಖಿನೊಡನೆ ಬರೆದಿಡಿ. 'ನಿನ್ನ ಹೆಸರು ರಾಮಯ್ಯ ಇತ್ತಾ' ಎಂಬಂಥ ಪ್ರಶ್ನೆ ಬೇಡ, 'ಆಮೇಲೆ?' ಎನ್ನುವುದು ಸಾಕು. ನೆಂಟರ ಮುಂದೆ ನಿಲ್ಲಿಸಿ ಹೇಳಿಸುವುದು, ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವುದು ಮಗುವಿಗೂ ಅನ್ಯಾಯ, ಮಾತಿನ ಶುದ್ಧಿಗೂ ಕೇಡು.

ಕನಸು ಹೆದರಿಸುವಂಥದ್ದಾದರೆ

ಮುಳುಗುವುದು, ಬೆಂಕಿ, ಇರಿತ ಪದೇ ಪದೇ ಬಂದು ನಿದ್ದೆಗೆಡಿಸುತ್ತಿದ್ದರೆ ಅದರ ಮೂಲ ಯಾವ ಜನ್ಮದ್ದೆಂಬುದು ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ. ಎಚ್ಚರದಲ್ಲಿ ಅದೇ ಕನಸಿನ ಅಂತ್ಯವನ್ನು ಬೇರೆ ರೀತಿಯಲ್ಲಿ ಬರೆದು, ದಿನಕ್ಕೆ ಹತ್ತು ಇಪ್ಪತ್ತು ನಿಮಿಷ ಆ ಹೊಸ ರೂಪವನ್ನು ಮನಸ್ಸಿನಲ್ಲಿ ನಡೆಸಿ ನೋಡುವ ಚಿಕಿತ್ಸಾಕ್ರಮವೊಂದಿದೆ. ದುಃಸ್ವಪ್ನಗಳಿಗೆ ಮನೋವೈದ್ಯರು ಅದನ್ನು ಸೂಚಿಸುತ್ತಾರೆ. ಅಪಘಾತ, ಹಿಂಸೆ, ಸಾವುಗಳನ್ನು ಈ ಜನ್ಮದಲ್ಲೇ ಕಂಡವರಿಗೆ ಹೀಗಾಗುತ್ತಿದ್ದರೆ ತಜ್ಞರ ಬಳಿ ಹೋಗಲು ತಡಮಾಡಬಾರದು.

ಕಡತ ಮುಚ್ಚುವುದು

ವರ್ಷಕ್ಕೊಮ್ಮೆ ಪುಸ್ತಕವನ್ನು ತೆರೆದು ಪ್ರತಿ ಕನಸಿನ ಮೇಲೂ ಒಂದು ಗುರುತು ಹಾಕಿ. ಮೂಲ ಈ ಜನ್ಮದಲ್ಲೇ ಸಿಕ್ಕಿದ್ದರೆ ಒಂದು ಗೆರೆ. ಮೂಲವೂ ಸಿಗದೆ, ಪರೀಕ್ಷಿಸಲು ಬೇಕಾದ ವಿವರವೂ ಇಲ್ಲದಿದ್ದರೆ ಎರಡು ಗೆರೆ. ಇಂಥ ಕನಸನ್ನು ಬಲವಂತವಾಗಿ ಈಚೆಗೂ ಆಚೆಗೂ ತಳ್ಳದೆ ಹಾಗೆಯೇ ಬಿಡಬೇಕು, ಅದು ನಿಮ್ಮ ಈಗಿನ ಭಯ ಬಯಕೆಗಳ ಬಗ್ಗೆ ಏನನ್ನಾದರೂ ಹೇಳುತ್ತಿದ್ದರೆ ಕೇಳಿಸಿಕೊಳ್ಳಬೇಕು. ಮೊದಲೇ ಬರೆದಿಟ್ಟ, ಅಪರೂಪದ, ಒಂದಕ್ಕಿಂತ ಹೆಚ್ಚು ವಿವರಗಳು ಮೂರನೆಯವರ ಪರೀಕ್ಷೆಯಲ್ಲಿ ಸರಿಯೆಂದು ಬಂದು, ಅವು ನಿಮಗೆ ತಲುಪಿರಬಹುದಾದ ದಾರಿ ಯಾವುದೂ ಕಾಣದಿದ್ದರೆ ಮಾತ್ರ ಮೂರು ಗೆರೆ. ಅಂಥದ್ದಕ್ಕೂ 'ವಿವರಿಸಲಾಗದ್ದು' ಎಂದು ಬರೆಯಬೇಕೇ ಹೊರತು 'ಸಾಬೀತಾದದ್ದು' ಎಂದಲ್ಲ. ಹುಲಿಕೆರೆಯ ಕನಸಿನ ಮುಂದೆ ನಾನು ಒಂದು ಗೆರೆ ಎಳೆದಿದ್ದೇನೆ. ಎರಡು ಗೆರೆಯವು ನಾಲ್ಕಿವೆ. ಮೂರು ಗೆರೆ ಎಳೆಯುವ ಸಂದರ್ಭ ಇನ್ನೂ ಬಂದಿಲ್ಲ.